ಕಲ್ಲು ಬದಲಾದಾಗ ಗುಡಿಯೂ ಬದಲಾಯಿತು

ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ಅ ಆ ತಿದ್ದುವಾಗ ನಮ್ಮ ಕೈಯಲ್ಲಿದ್ದದ್ದು ಬಳಪ. ಅರ್ಧ ಬರೆದು ಇನ್ನರ್ಧ ಕಚ್ಚಿ ತಿಂದು ಬೈಸಿಕೊಂಡವರು ಕಡಿಮೆಯೇನಿಲ್ಲ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಅಂಗಡಿ ಲೆಕ್ಕವನ್ನು ಕಡತದ ಕಪ್ಪು ಬಟ್ಟೆಯ ಮೇಲೆ ಬರೆಯುತ್ತಿದ್ದದ್ದೂ ಬಳಪದಲ್ಲೇ. ಉಗುರಿಗೂ ಹಲ್ಲಿಗೂ ಬಗ್ಗುವ ಆ ಮೆತ್ತನೆಯ ಕಲ್ಲಿನ ದಾಯಾದಿಯೇ ಹಳೇಬೀಡಿನ ಗೋಡೆ. ಬೇಲೂರಿನ ಮದನಿಕೆ, ಲಕ್ಕುಂಡಿಯ ಬಾಗಿಲವಾಡ, ಇಟಗಿಯ ಕಂಬ, ಸೋಮನಾಥಪುರದ ಭುವನೇಶ್ವರಿ (ಕೆತ್ತನೆಯ ಒಳಛಾವಣಿ) ಎಲ್ಲವೂ ಬಳಪದ ಕಲ್ಲಿನವೇ.

ಗುಡಿ ನೋಡಲು ಹೋದಾಗ ನಾವು ಮೊದಲು ಕೇಳುವುದು "ಇದು ಯಾರ ಕಾಲದ್ದು?" ಅಂತ. ಗೈಡು "ಹೊಯ್ಸಳರದು ಸಾರ್" ಅನ್ನುತ್ತಾರೆ, ನಾವು ತಲೆಯಾಡಿಸಿ ಫೋಟೋ ತೆಗೆದು ಮುಂದೆ ಹೋಗುತ್ತೇವೆ. ಪಠ್ಯಪುಸ್ತಕದಲ್ಲೂ ಹಾಗೇ: ಚಾಲುಕ್ಯ ಶೈಲಿ, ಹೊಯ್ಸಳ ಶೈಲಿ, ವಿಜಯನಗರ ಶೈಲಿ. ಸರ್ಕಾರ ಬದಲಾದಾಗ ಯೋಜನೆಗಳ ಹೆಸರು ಬದಲಾಗುವ ಹಾಗೆ, ಸಿಂಹಾಸನದ ಮೇಲೆ ಹೊಸಬ ಕೂತ ಕೂಡಲೇ ಗುಡಿಯ ಆಕಾರವೂ ಬದಲಾಯಿತೇನೋ ಅನ್ನಿಸಬೇಕು. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಈಗ ಗುಡಿಯೆದುರು ನಿಂತರೆ ಮೊದಲು ಕೇಳಿಕೊಳ್ಳುವುದು ಬೇರೆಯದನ್ನು: ಇದು ಯಾವ ಕಲ್ಲು? ಆಮೇಲೆ, ಕೆತ್ತಿದವನು ಯಾರು, ದುಡ್ಡು ಕೊಟ್ಟವರು ಯಾರು? ರಾಜನ ಹೆಸರು ಕೊನೆಗೆ ಬಂದರೂ ನಡೆಯುತ್ತದೆ.

ಗುಡಿಯ ಒಳಗಿನ ಲೆಕ್ಕ ಮಾತ್ರ ಸಾವಿರ ವರ್ಷ ಹೆಚ್ಚು ಬದಲಾಗಲಿಲ್ಲ. ದೇವರು ಕೂರುವ ಕತ್ತಲ ಕೋಣೆ ಗರ್ಭಗುಡಿ, ಅದರ ಮುಂದಿನ ಚಿಕ್ಕ ಅಂತರ ಸುಕನಾಸಿ, ಅದಕ್ಕೂ ಮುಂದೆ ನಾಲ್ಕು ಕಂಬಗಳ ನಡುವೆ ಒಂಬತ್ತು ಅಂಕಣದ ನವರಂಗ, ಆಮೇಲೆ ಮುಖಮಂಟಪ. ಗರ್ಭಗುಡಿಯ ತಲೆಯ ಮೇಲೆ ಶಿಖರ, ಶಿಖರದ ತುದಿಗೆ ಕಳಶ. ಗರ್ಭಗುಡಿ ಒಂದಿದ್ದರೆ ಏಕಕೂಟ, ಮೂರಿದ್ದರೆ ತ್ರಿಕೂಟ. ಇಷ್ಟು ಗೊತ್ತಿದ್ದರೆ ಯಾವ ಗುಡಿಯಲ್ಲೂ ದಾರಿ ತಪ್ಪುವುದಿಲ್ಲ. ಬದಲಾದದ್ದು ಈ ಅಸ್ಥಿಪಂಜರದ ಮೇಲಿನ ಮೈ.

ಮಲಪ್ರಭೆಯ ಕೆಂಪು ಕಲ್ಲು

ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕೂತು ಎದುರಿನ ಬೆಟ್ಟ ನೋಡಿ. ಒಂದರ ಮೇಲೊಂದು ರೊಟ್ಟಿ ಜೋಡಿಸಿಟ್ಟ ಹಾಗೆ ಪದರ ಪದರ. ಅದು ಮರಳುಗಲ್ಲು. ಕೋಟಿಗಟ್ಟಲೆ ವರ್ಷಗಳ ಹಿಂದೆ ನೀರಿನ ತಳದಲ್ಲಿ ಮರಳು ಪದರವಾಗಿ ಕೂತು ಗಟ್ಟಿಯಾದದ್ದು. ಪದರದ ಗೆರೆ ಹಿಡಿದು ಎಬ್ಬಿಸಿದರೆ ದೊಡ್ಡ ದೊಡ್ಡ ಹಾಸುಗಲ್ಲಾಗಿ ಬಿಟ್ಟುಕೊಡುತ್ತದೆ. ಈ ಬೆಟ್ಟದ ಮೇಲೆ ಮೊದಲನೆಯ ಪುಲಿಕೇಶಿ ಕೋಟೆ ಕಟ್ಟಿಸಿದ್ದು 543ರಲ್ಲಿ ಎಂದು ಅಲ್ಲಿನ ಬಂಡೆಶಾಸನ ಹೇಳುತ್ತದೆ. 578ರಲ್ಲಿ, ಕೀರ್ತಿವರ್ಮ ಆಳುತ್ತಿದ್ದಾಗ, ಅವನ ತಮ್ಮ ಮಂಗಳೇಶ ಅದೇ ಬೆಟ್ಟದ ಹೊಟ್ಟೆ ಕೊರೆಸಿ ವಿಷ್ಣುವಿಗೆ ಗುಹಾಲಯ ಮಾಡಿಸಿದ. ಇವತ್ತು ನಾವು ಮೂರನೇ ಗುಹೆ ಅನ್ನುವುದು ಅದನ್ನೇ.

ಆ ಗುಹೆಯ ಹೊರಗೆ ಮಂಗಳೇಶನದೇ ಒಂದು ಪುಟ್ಟ ಕನ್ನಡ ಶಾಸನವಿದೆ. ಲಂಜಿಗೇಸರ ಎಂಬ ಊರನ್ನು ಈ ಗುಡಿಗೆ ಬಿಟ್ಟುಕೊಟ್ಟದ್ದನ್ನು ಹೇಳುವ ಶಾಸನ. ದೇವರಿಗೆ ಹೂವು ಕಟ್ಟುವ ಮಾಲೆಗಾರರ ಪ್ರಸ್ತಾಪವೂ ಅದರಲ್ಲಿದೆ. ನನಗೆ ಅದರಲ್ಲಿ ಬಹಳ ಇಷ್ಟವಾದದ್ದು ಗುಡಿಗೆ ಅದು ಇಟ್ಟ ಹೆಸರು: ಕಲ್ಮನೆ. ದೇವಾಲಯವಲ್ಲ, ಪ್ರಾಸಾದವಲ್ಲ, ಕಲ್ಲಿನ ಮನೆ. ಸುತ್ತಲಿನವರೆಲ್ಲ ಮರ, ಮಣ್ಣು, ಹುಲ್ಲಿನ ಮನೆಯಲ್ಲಿದ್ದಾಗ ದೇವರಿಗೊಂದು ಕಲ್ಲಿನ ಮನೆಯಾದದ್ದೇ ದೊಡ್ಡ ಸುದ್ದಿ.

ಮರದಿಂದ ಕಲ್ಲಿಗೆ ಬಂದ ಆ ದಾರಿಯನ್ನು ಐಹೊಳೆಯಲ್ಲಿ ಕಣ್ಣಾರೆ ನೋಡಬಹುದು. ಲಾಡಖಾನ್ ಗುಡಿಯ ಮಾಡಿನ ಕೆಳಗೆ ನಿಂತು ಕತ್ತೆತ್ತಿ. (ಹೆಸರು ಅಲ್ಲಿ ಒಂದು ಕಾಲದಲ್ಲಿ ವಾಸವಿದ್ದ ವ್ಯಕ್ತಿಯದು, ಕಟ್ಟಿಸಿದವನದಲ್ಲ.) ಇಳಿಜಾರಾಗಿ ಹೊದಿಸಿದ ದೊಡ್ಡ ಹಾಸುಗಲ್ಲುಗಳು. ಎರಡು ಹಾಸುಗಲ್ಲು ಸೇರುವ ಕಡೆ ಸಂದಿನ ಉದ್ದಕ್ಕೂ ಒಂದೊಂದು ಉರುಟಾದ ಕಲ್ಲಿನ ಪಟ್ಟಿ, ಥೇಟ್ ಮರದ ದಿಮ್ಮಿಯ ಹಾಗೆ. ಅಲಂಕಾರ ಅಂದುಕೊಂಡಿರಾ? ಅಲ್ಲ. ಸಂದಿನಿಂದ ಮಳೆನೀರು ಒಳಗೆ ಸೋರದಿರಲಿ ಅಂತ. ಬಡಗಿ ಮಾಡುತ್ತಿದ್ದ ಕೆಲಸವನ್ನು ಕಲ್ಲುಕುಟಿಗ ಕಲ್ಲಿನಲ್ಲಿ ಮಾಡಿದ್ದಾನೆ, ಬಡಗಿಯ ಭಾಷೆ ಇನ್ನೂ ಅವನ ಬಾಯಿಂದ ಹೋಗಿಲ್ಲ. ಅಲ್ಲೇ ಪಕ್ಕದ ದುರ್ಗ ಗುಡಿಯ ಹಿಂಭಾಗ ಆನೆಯ ಬೆನ್ನಿನ ಹಾಗೆ ಗುಂಡಗಿದೆ. ಇದು ದುರ್ಗೆಯ ಗುಡಿಯಲ್ಲ. ಹಿಂದೆ ಇದರ ಮಗ್ಗುಲಲ್ಲಿ ಕೋಟೆ, ಅಂದರೆ ದುರ್ಗ ಇದ್ದದ್ದರಿಂದ ಆ ಹೆಸರು. ಗುಡ್ಡದ ಮೇಲಿನ ಮೇಗುಟಿ ಬಸದಿಗೆ ಮಾತ್ರ ತಾರೀಖಿನ ಗೊಂದಲವಿಲ್ಲ. 634ರಲ್ಲಿ ಕಟ್ಟಿಸಿದ ರವಿಕೀರ್ತಿ, ತನ್ನ ದೊರೆ ಇಮ್ಮಡಿ ಪುಲಿಕೇಶಿಯನ್ನು ಹೊಗಳುವ ದೊಡ್ಡ ಶಾಸನವನ್ನೇ ಗೋಡೆಯಲ್ಲಿ ಬರೆಸಿಟ್ಟಿದ್ದಾನೆ.

ಪಟ್ಟದಕಲ್ಲಿಗೆ ಬಂದರೆ ತಲೆ ಕೆಡುವುದು ಶಿಖರಗಳಲ್ಲಿ. ಒಂದೇ ಬಯಲಿನಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಎರಡು ಬೇರೆ ಬೇರೆ ಜಾತಿಯ ಗುಡಿಗಳು ನಿಂತಿವೆ. ಗುರುತು ಹಿಡಿಯುವುದು ಕಷ್ಟವೇನಲ್ಲ. ಶಿಖರ ಬುಡದಿಂದ ತುದಿಯವರೆಗೆ ಒಂದೇ ಉಸಿರಿನಲ್ಲಿ ಒಳಕ್ಕೆ ಬಾಗುತ್ತಾ ಹೋಗಿ, ತುದಿಯಲ್ಲಿ ಗೀರು ಗೀರಿನ ಚಪ್ಪಟೆ ಗುಂಡುಕಲ್ಲು ಇದ್ದರೆ ಅದು ನಾಗರ. ಆ ಗುಂಡುಕಲ್ಲಿಗೆ ಆಮಲಕ ಅನ್ನುತ್ತಾರೆ, ಅಂದರೆ ನೆಲ್ಲಿಕಾಯಿ. ಒಮ್ಮೆ ಹೋಲಿಸಿ ನೋಡಿದರೆ ಮತ್ತೆ ಮರೆಯುವುದಿಲ್ಲ. ಶಿಖರ ಮಹಡಿ ಮಹಡಿಯಾಗಿ ಮೆಟ್ಟಿಲು ಏರಿ, ಪ್ರತಿ ಮಹಡಿಯ ಅಂಚಿನಲ್ಲಿ ಪುಟ್ಟ ಪುಟ್ಟ ಗುಡಿಗಳ ಸಾಲು ಇದ್ದರೆ ಅದು ದ್ರಾವಿಡ. ಗಳಗನಾಥ, ಕಾಶಿವಿಶ್ವೇಶ್ವರ ನಾಗರದವು. ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನ ದ್ರಾವಿಡದವು. ಪಾಪನಾಥ ಗುಡಿಯ ಶಿಖರ ನಾಗರ, ಗೋಡೆಯಲ್ಲಿ ಮಾತ್ರ ಎರಡೂ ಕೂಡಿಕೊಂಡಿವೆ.

ಇಲ್ಲಿ ನನ್ನ ವಾದಕ್ಕೆ ನಾನೇ ಒಂದು ಏಟು ಕೊಟ್ಟುಕೊಳ್ಳಬೇಕು. ಕಲ್ಲು ಒಂದೇ, ನದಿ ಒಂದೇ, ಆಳುವವರೂ ಒಂದೇ ಮನೆತನ. ಆದರೂ ಶೈಲಿ ಎರಡು. ಅಂದರೆ ಗುಡಿ ಹೇಗಿರಬೇಕು ಎಂದು ಕಲ್ಲು ಅಪ್ಪಣೆ ಕೊಡುವುದಿಲ್ಲ. ಎಷ್ಟು ದೂರ ಹೋಗಬಹುದು ಎಂಬ ಗೆರೆ ಮಾತ್ರ ಅದು ಎಳೆಯುತ್ತದೆ. ಮರಳುಗಲ್ಲಿನಲ್ಲಿ ಎರಡೂ ಶೈಲಿ ಸಾಧ್ಯ, ಆದರೆ ಎರಡರಲ್ಲೂ ಮೂರ್ತಿಗಳ ಮೈ ದುಂಡಗೆ, ಅಗಲವಾಗಿ ಇರುತ್ತದೆ. ಕಣ್ಣಿಗೆ ಕಾಣುವಷ್ಟು ದಪ್ಪ ಮರಳಿನ ಕಣಗಳಿರುವ ಕಲ್ಲಿನಲ್ಲಿ ಕೂದಲೆಳೆಯ ಕೆಲಸಕ್ಕೆ ಹೊರಟರೆ ಅಂಚು ಉದುರಿಬಿಡುತ್ತದೆ. ಬಾದಾಮಿಯ ಮೊದಲ ಗುಹೆಯ ಹದಿನೆಂಟು ಕೈಯ ನಟರಾಜನ ಸೊಬಗು ಆಭರಣದಲ್ಲಿಲ್ಲ, ತೂಗಿದ ಮೈಯಲ್ಲಿದೆ.

ವಿರೂಪಾಕ್ಷ ಗುಡಿಯ ಹಿಂದಿನ ಕತೆ ಗೊತ್ತಿರಲಿ. ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದ. ಗೆದ್ದವನು ಊರು ಸುಲಿಯಲಿಲ್ಲ. ಅಲ್ಲಿನ ಕೈಲಾಸನಾಥ ಗುಡಿಯ ಸಂಪತ್ತನ್ನು ಗುಡಿಗೇ ಬಿಟ್ಟುಕೊಟ್ಟೆ ಎಂದು ಆ ಗುಡಿಯ ಕಂಬದಲ್ಲೇ ಕನ್ನಡದಲ್ಲಿ ಬರೆಸಿಬಂದ. ಆ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದು ವಿರೂಪಾಕ್ಷ. ಆಗ ಅದರ ಹೆಸರು ಲೋಕೇಶ್ವರ. ಅವಳ ತಂಗಿ, ಅದೇ ದೊರೆಯ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಪಕ್ಕದಲ್ಲೇ ಮಲ್ಲಿಕಾರ್ಜುನ ಕಟ್ಟಿಸಿದಳು. ಕಟ್ಟಿದವನ ಹೆಸರೂ ಉಳಿದಿದೆ: ಗುಂಡ ಅನಿವಾರಿತಾಚಾರಿ, ತ್ರಿಭುವನಾಚಾರಿ ಎಂಬ ಬಿರುದು ಪಡೆದವನು. ಸರ್ವಸಿದ್ಧಿ ಆಚಾರಿ ಎಂಬ ಇನ್ನೊಬ್ಬನನ್ನು ಶಾಸನ ತೆಂಕಣ ದೆಸೆಯ ಸೂತ್ರಧಾರಿ, ಅಂದರೆ ದಕ್ಷಿಣ ದಿಕ್ಕಿನ ವಾಸ್ತುಶಿಲ್ಪಿ ಎಂದು ಕರೆದಿದೆ. ಕಂಚಿಯ ಗುಡಿಯ ಛಾಯೆ ಮಲಪ್ರಭೆಯ ದಂಡೆಗೆ ಬಂದದ್ದು ಹೀಗೆ. ಮುಂದೆ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಎಲ್ಲೋರದ ಕೈಲಾಸದಲ್ಲೂ ಈ ವಿರೂಪಾಕ್ಷನ ಗುರುತು ಕಾಣುತ್ತದೆ.

ಬಳಪದ ಕಲ್ಲು ಕೈಗೆ ಸಿಕ್ಕಾಗ

973ರಲ್ಲಿ ಇಮ್ಮಡಿ ತೈಲಪ ರಾಷ್ಟ್ರಕೂಟರನ್ನು ಕೆಳಗಿಳಿಸಿದ ಮೇಲೆ ಕಲ್ಯಾಣ ಚಾಲುಕ್ಯರ ಕಾಲ. ಈ ಹೊತ್ತಿಗೆ ಗುಡಿ ಕಟ್ಟುವ ಗದ್ದಲ ಮಲಪ್ರಭೆಯ ಕಣಿವೆಯಿಂದ ತೆಂಕಣಕ್ಕೆ ಸರಿದಿತ್ತು. ಇವತ್ತಿನ ಗದಗ, ಕೊಪ್ಪಳ, ಧಾರವಾಡ, ಹಾವೇರಿ ಸೀಮೆ. ಅಲ್ಲಿನ ನೆಲದಡಿ ಇರುವುದು ಬಾದಾಮಿಯ ಕೆಂಪು ಪದರವಲ್ಲ, ಬೇರೆಯೇ ಶಿಲೆಯ ಪಟ್ಟಿ. ಹಸಿರು ಬೆರೆತ ಬೂದು ಬಣ್ಣದ, ಮುಟ್ಟಿದರೆ ಸೋಪಿನ ಹಾಗೆ ನುಣುಪಾದ ಬಳಪದ ಕಲ್ಲು. ಹಸಿರು ಛಾಯೆ ಅದರೊಳಗಿನ ಕ್ಲೋರೈಟ್ ಎಂಬ ಖನಿಜದ್ದು. ಅಣ್ಣಿಗೇರಿಯ ಅಮೃತೇಶ್ವರ ಈ ಕಲ್ಲಿನಲ್ಲಿ ಎದ್ದ ಮೊದಮೊದಲ ದೊಡ್ಡ ಗುಡಿಗಳಲ್ಲೊಂದು, 11ನೇ ಶತಮಾನದ ನಡುವಿನದು. ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಬಸದಿ ಕಟ್ಟಿಸಿದ್ದು 1007ರಲ್ಲಿ.

ಈ ಕಲ್ಲಿನ ಗುಣ ವಿಚಿತ್ರ. ಗಣಿಯಿಂದ ತೆಗೆದ ಹೊಸದರಲ್ಲಿ ಮೆತ್ತಗೆ, ಉಳಿ ಹೇಳಿದ ಹಾಗೆ ಕೇಳುತ್ತದೆ. ಗಾಳಿಗೆ ಬಿಟ್ಟಷ್ಟೂ ಗಟ್ಟಿಯಾಗುತ್ತದೆ. ಕಣ ಬಹಳ ನುಣ್ಣಗಿರುವುದರಿಂದ ಎಷ್ಟು ಚಿಕ್ಕದಾಗಿ ಕೊರೆದರೂ ಅಂಚು ನಿಲ್ಲುತ್ತದೆ. ಆದರೆ ಮರಳುಗಲ್ಲಿನ ಹಾಗೆ ಭಾರಿ ಹಾಸುಗಲ್ಲಾಗಿ ಸಿಗುವುದಿಲ್ಲ, ಚಿಕ್ಕ ಚಿಕ್ಕ ಗುಂಡಿನಲ್ಲೇ ಕಟ್ಟಬೇಕು. ಈ ಒಂದು ಬದಲಾವಣೆ ಗುಡಿಯ ಮೈಯನ್ನೆಲ್ಲ ಬದಲಿಸಿತು.

ಮೊದಲು ಕಂಬ ನೋಡಿ. ಬಾದಾಮಿ, ಪಟ್ಟದಕಲ್ಲಿನ ಕಂಬಗಳು ಹೆಚ್ಚಾಗಿ ಚೌಕ, ದಪ್ಪ. ಲಕ್ಕುಂಡಿಯಲ್ಲೂ ಇಟಗಿಯಲ್ಲೂ ನವರಂಗದೊಳಗೆ ಹೋಗಿ ಕಂಬದ ನಡುವಿಗೆ ಬೆರಳಿಟ್ಟು ಸುತ್ತ ಒಮ್ಮೆ ಸವರಿ. ಬಳೆ ಬಳೆಯಾಗಿ ಉಬ್ಬು, ತಗ್ಗು, ಮತ್ತೆ ಗಂಟೆಯ ಹಾಗೆ ಇಳಿಜಾರು, ಮತ್ತೆ ಚೂಪು ಅಂಚಿನ ಚಕ್ರ. ಬೆರಳಿಗೆ ಎಲ್ಲೂ ಒಂದು ಏರುಪೇರು ಸಿಕ್ಕುವುದಿಲ್ಲ. ಕೈಯಿಂದ ಕೊರೆದು ಇಷ್ಟು ಸಮ ಬರುವುದಿಲ್ಲ. ಚನ್ನಪಟ್ಟಣದ ಬುಗುರಿ ಮಾಡುವವರು ಮರದ ತುಂಡನ್ನು ತಿರುಗಣಿಗೆ ಹಾಕುವ ಹಾಗೆ, ಇಲ್ಲಿ ಆಳೆತ್ತರದ ಕಲ್ಲನ್ನೇ ತಿರುಗಿಸಿ ಉಳಿ ಹಿಡಿದಿದ್ದಾರೆ. ಕಂಬದ ಬುಡ ಚೌಕವಾಗಿಯೇ ಉಳಿದು ನಡು ಮಾತ್ರ ಉರುಟಾಗಿರುವುದು ಅದಕ್ಕೇ. ಕೆಲವದಕ್ಕೆ ಎಂಥ ಹೊಳಪೆಂದರೆ ಮುಂದೆ ನಿಂತರೆ ನಿಮ್ಮದೇ ಮಸುಕು ನೆರಳು ಕಾಣುತ್ತದೆ. ಗ್ರಾನೈಟಿನ ಜೊತೆ ಈ ಸರಸ ನಡೆಯುವುದಿಲ್ಲ.

ಎರಡನೆಯದು ಗೋಡೆ. ಇದನ್ನು ಅರ್ಥ ಮಾಡಿಕೊಂಡರೆ ಹೊಯ್ಸಳರದೂ ಅರ್ಥವಾದ ಹಾಗೆ, ಅದಕ್ಕೆ ಸ್ವಲ್ಪ ನಿಧಾನಿಸುತ್ತೇನೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಹೊರಗೋಡೆಗೆ ಮುಖ ಮಾಡಿ ನಿಲ್ಲಿ. ಗೋಡೆಯಿಂದ ಒಂದಿಷ್ಟು ಮುಂದೆ ಬಂದ ಅರೆಗಂಬ ಕಾಣುತ್ತದೆ. ಅದರ ತಲೆಯ ಮೇಲೆ ಒಂದು ಪುಟ್ಟ ಶಿಖರ. ಕಂಬ, ಶಿಖರ ಎರಡನ್ನೂ ಒಟ್ಟಿಗೆ ನೋಡಿದರೆ ಅದೊಂದು ಇಡೀ ಗುಡಿ, ಮೊಣಕೈ ಉದ್ದದ್ದು. ಅದರ ಪಕ್ಕ ಇನ್ನೊಂದು. ಮೂಲೆಯಲ್ಲಿ ಮತ್ತೊಂದು. ಮೇಲಿನ ಅಂತಸ್ತಿನಲ್ಲಿ ಅವೇ ಮತ್ತೆ, ಇನ್ನೂ ಚಿಕ್ಕದಾಗಿ. ಅಂದರೆ ದೊಡ್ಡ ಗುಡಿ ಎನ್ನುವುದು ಪುಟ್ಟ ಗುಡಿಗಳ ಗೊಂಚಲು. ಒಂದನ್ನೊಂದು ಹಿಂದಿಕ್ಕಿ ಒಳಗಿನಿಂದ ಹೊರಕ್ಕೆ ನುಗ್ಗಿಬರುತ್ತಿರುವ ಹಾಗೆ. ತಮಾಷೆ ನೋಡಿ, ಪಟ್ಟದಕಲ್ಲಿನಲ್ಲಿ ಬೇರೆ ಬೇರೆ ಕಟ್ಟಡಗಳಾಗಿ ನಿಂತಿದ್ದ ನಾಗರವೂ ದ್ರಾವಿಡವೂ ಇಲ್ಲಿ ಒಂದೇ ಗೋಡೆಯ ಮೇಲೆ ಆಟಿಕೆಗಳ ಹಾಗೆ ಅಕ್ಕಪಕ್ಕ ಕೂತಿವೆ. ಹೀಗೆ ಎರಡೂ ಬೆರೆತದ್ದನ್ನು ವೇಸರ ಅನ್ನುತ್ತಾರೆ. ಸಂಸ್ಕೃತದಲ್ಲಿ ಆ ಪದಕ್ಕೆ ಹೇಸರಗತ್ತೆ ಎಂಬ ಅರ್ಥವೂ ಉಂಟು. ಕುದುರೆಯೂ ಅಲ್ಲ, ಕತ್ತೆಯೂ ಅಲ್ಲ. ಹೆಸರಿಟ್ಟವರಿಗೆ ಈ ಗುಡಿಗಳ ಮೇಲೆ ಮುನಿಸಿತ್ತೋ ಏನೋ.

ಮರಳುಗಲ್ಲಿನಲ್ಲಿ ಇಂಥ ಮೊಣಕೈ ಗಾತ್ರದ ಗುಡಿ ಕೆತ್ತಿ ಅದರ ಕಳಶದವರೆಗೆ ವಿವರ ಕೊಡುವುದು ಹೆಣಗಾಟದ ಕೆಲಸ. ಬಳಪದ ಕಲ್ಲಿನಲ್ಲಿ ಅದು ದಿನದ ಕೆಲಸವಾಯಿತು. ಹಾಗಾಗಿ ಶಿಲ್ಪಿ ಗೋಡೆಯನ್ನು ಎಷ್ಟು ಸಲ ಬೇಕಾದರೂ ಮಡಿಸಬಹುದಿತ್ತು. ಮಡಿಸುತ್ತಾ ಮಡಿಸುತ್ತಾ ಕೊನೆಗೆ ಚೌಕದ ಗುಡಿ ನಕ್ಷತ್ರವಾಯಿತು.

ನಕ್ಷತ್ರಾಕಾರದ ತಳ ಎಂದರೆ ಬಹಳ ಜನ ಅದೇನೋ ಗೂಢ ಲೆಕ್ಕ ಅಂದುಕೊಳ್ಳುತ್ತಾರೆ. ಮನೆಯಲ್ಲೇ ಮಾಡಿ ನೋಡಿ. ಹಳೆಯ ಲಗ್ನಪತ್ರಿಕೆಯಿಂದ ಒಂದು ಚೌಕ ಕತ್ತರಿಸಿ, ಸರಿಯಾಗಿ ನಡುವೆ ಗುಂಡುಸೂಜಿ ಚುಚ್ಚಿ ಹಾಳೆಯ ಮೇಲೆ ಕೂರಿಸಿ. ಸುತ್ತ ಗೆರೆ ಎಳೆಯಿರಿ. 45 ಡಿಗ್ರಿ ತಿರುಗಿಸಿ ಮತ್ತೆ ಎಳೆಯಿರಿ. ಎಂಟು ಮೂಲೆಯ ನಕ್ಷತ್ರ ಬಂತು, ರಂಗೋಲಿಯಲ್ಲಿ ದಿನಾ ಕಾಣುವುದೇ. 45ರ ಬದಲು 22.5 ಡಿಗ್ರಿಯಂತೆ ತಿರುಗಿಸಿದರೆ ನಾಲ್ಕು ಚೌಕ ಸೇರಿ 16 ಮೂಲೆ. ಸೋಮನಾಥಪುರದ ಗರ್ಭಗುಡಿಗಳ ತಳ ಇದು. 15 ಡಿಗ್ರಿಯಂತೆ ತಿರುಗಿಸಿದರೆ ಆರು ಚೌಕ, 24 ಮೂಲೆ. ಅದು ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ಗುಡಿ. ನೆಲದ ಮೇಲೆ ಇದನ್ನು ಗುರುತು ಹಾಕಲು ಒಂದು ಗೂಟ, ಒಂದು ಹಗ್ಗ, ಕೈಯಲ್ಲಿ ತಾಳ್ಮೆ ಇದ್ದರೆ ಸಾಕು. ಕಷ್ಟವಿರುವುದು ಗೆರೆಯಲ್ಲಲ್ಲ, ಗೆರೆಯನ್ನು ಶಿಖರದ ತುದಿಯವರೆಗೆ ಒಯ್ಯುವುದರಲ್ಲಿ. ಆ 24 ಮೂಲೆಗಳು ಪ್ರತಿ ಅಂತಸ್ತಿನಲ್ಲೂ ಕುಗ್ಗುತ್ತಾ, ಒಂದೂ ಕಳೆದುಹೋಗದೆ ಮೇಲೇರಬೇಕು. ಡಂಬಳದಲ್ಲಿ ಅದನ್ನು ಸಾಧಿಸಿದ್ದಾರೆ. ದೂರದಿಂದ ನೋಡಿದರೆ ಗುಡಿ ದುಂಡಗಿದೆ ಅನ್ನಿಸುತ್ತದೆ, ಹತ್ತಿರ ಹೋದರೆ ಎಲ್ಲೂ ದುಂಡಿಲ್ಲ, ಬರೀ ಕೋನ. ಬಿಸಿಲು ಹೊರಳಿದ ಹಾಗೆ ಒಂದೊಂದೇ ಮೂಲೆ ಬೆಳಗಿ ಆರುತ್ತದೆ. ಬಸ್ಸು ಕಡಿಮೆ, ಜನ ಇನ್ನೂ ಕಡಿಮೆ. ನೀವು ಮತ್ತು ದೊಡ್ಡಬಸಪ್ಪ ಇಬ್ಬರೇ ಇರುವ ಸಂಭವ ಹೆಚ್ಚು.

ಇಟಗಿಯ ಮಹಾದೇವ ಗುಡಿಯನ್ನು 1112ರಲ್ಲಿ ಕಟ್ಟಿಸಿದ್ದು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅಲ್ಲಿನ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಹೊಗಳಿಕೊಂಡಿದೆ. ಶಾಸನದವರು ಸಾಮಾನ್ಯವಾಗಿ ಉತ್ಪ್ರೇಕ್ಷೆಯ ಜನ. ಈ ಒಂದು ಸಲ ಮಾತ್ರ ನಾನು ಅವರ ಕಡೆ. ಕೆತ್ತನೆ ಎಷ್ಟಿರಬೇಕೋ ಅಷ್ಟಿದೆ, ಕಣ್ಣಿಗೆ ಕೂರಲು ಬರಿಗೋಡೆಯ ಜಾಗವೂ ಇದೆ.

ಗಡಿ ದಾಟಿದ ಉಳಿ

ಇಟಗಿ ಮುಗಿದ ಐದೇ ವರ್ಷಕ್ಕೆ, 1117ರಲ್ಲಿ, ಬೇಲೂರಿನಲ್ಲಿ ಹೊಯ್ಸಳ ವಿಷ್ಣುವರ್ಧನ ವಿಜಯನಾರಾಯಣನ ಪ್ರತಿಷ್ಠೆ ಮಾಡಿಸಿದ. ಇಂದಿನ ಚೆನ್ನಕೇಶವ. ತಲಕಾಡಿನಲ್ಲಿ ಚೋಳರನ್ನು ಸೋಲಿಸಿ ಇನ್ನೂ ವರ್ಷ ಕಳೆದಿತ್ತಷ್ಟೇ. ಪಕ್ಕದ ಕಪ್ಪೆ ಚೆನ್ನಿಗರಾಯ ಗುಡಿ ರಾಣಿ ಶಾಂತಲೆಯದು, ಅದೇ ವರ್ಷದ್ದು.

ಈಗ ಮದನಿಕೆಗಳ ಕೆಳಗಿನ ಅಕ್ಷರ ಓದಿ. ದಾಸೋಜ, ಅವನ ಮಗ ಚಾವಣ. ಊರು ಬಳ್ಳಿಗಾವೆ. ಬಳ್ಳಿಗಾವೆ ಆಗ ಕಲ್ಯಾಣ ಚಾಲುಕ್ಯರ ನಾಡಿನ ದೊಡ್ಡ ಪಟ್ಟಣ. ವಿಷ್ಣುವರ್ಧನ ಅದೇ ಚಾಲುಕ್ಯರ ಹಿಡಿತದಿಂದ ಬಿಡಿಸಿಕೊಳ್ಳಲು ಹೋರಾಡುತ್ತಿದ್ದವನು. ದೊರೆಗಳ ನಡುವೆ ಕತ್ತಿ ಝಳಪಿಸುತ್ತಿತ್ತು, ಅಪ್ಪ ಮಗ ಉಳಿ ಸುತ್ತಿಗೆ ಗಂಟು ಕಟ್ಟಿಕೊಂಡು ಗಡಿ ದಾಟಿ ಕೆಲಸಕ್ಕೆ ಬಂದಿದ್ದರು. ಹಾಗಿದ್ದರೆ ಬೇಲೂರಿನದು ಯಾವ ಶೈಲಿ? ತಿರುಗಣಿಯ ಕಂಬ, ನಕ್ಷತ್ರದ ತಳ, ಮಡಿಸಿದ ಗೋಡೆ, ಬಳಪದ ಕಲ್ಲು, ಇದ್ಯಾವುದನ್ನೂ ಹೊಯ್ಸಳರು ಹೊಸದಾಗಿ ಕಂಡುಹಿಡಿಯಬೇಕಾಗಿರಲಿಲ್ಲ. ಗದಗ ಸೀಮೆಯಲ್ಲಿ ಹದಗೊಂಡಿದ್ದ ವಿದ್ಯೆ ಅದು. ಹೊಯ್ಸಳ ನಾಡಿನಲ್ಲಿ ಅದು ಕೈಬಿಚ್ಚಿ ಕುಣಿಯಿತು.

ಕುಣಿತ ಎಂದರೆ ಏನೆಂದು ತಿಳಿಯಲು ಬೇಲೂರಿನ ಒಬ್ಬ ಮದನಿಕೆ ಸಾಕು. ಅವಳ ಮುಖ ಬಿಡಿ, ತಲೆಯ ಮೇಲಿನ ಬಳ್ಳಿಯ ಚಪ್ಪರಕ್ಕೆ ಕಣ್ಣು ಹಾಕಿ. ಎಲೆಗಳ ನಡುವೆ ಬಿರಿದ ಹಲಸಿನ ಹಣ್ಣು, ಅದಕ್ಕೆ ಮುತ್ತಿದ ಒಂದು ನೊಣ, ನೊಣಕ್ಕೆ ಹೊಂಚು ಹಾಕಿದ ಒಂದು ಹಲ್ಲಿ. ಬೆರಳಿನುಗುರಿನಷ್ಟು ಜಾಗದಲ್ಲಿ ನಡೆಯುವ ಬೇಟೆ. ಚಪ್ಪರದ ಹಿಂದೆಲ್ಲ ಟೊಳ್ಳು, ಬೆಳಕು ಆಚೆಯಿಂದ ಈಚೆ ಬರುತ್ತದೆ. ಕಲ್ಲು ಇಷ್ಟಕ್ಕೆ ಒಪ್ಪುತ್ತದೆ ಎಂದು ಗೊತ್ತಾದ ಶಿಲ್ಪಿಯನ್ನು ಸುಮ್ಮನಿರಿಸುವುದು ಕಷ್ಟ.

ಸುಮಾರು 1121ರಲ್ಲಿ ಶುರುವಾದ ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಅವರು ಸುಮ್ಮನಿರಲೂ ಇಲ್ಲ. ಹೆಸರು ದೊರೆಯದು, ಮುಂದೆ ನಿಂತು ಕಟ್ಟಿಸಿದವನು ಕೇತಮಲ್ಲ ಎಂಬ ಅಧಿಕಾರಿ. ಗುಡಿ ನಿಂತಿರುವ ಎತ್ತರದ ಕಟ್ಟೆಯಾದ ಜಗತಿಯ ಮೇಲೆ ಪ್ರದಕ್ಷಿಣೆ ಬರುತ್ತಾ ಗೋಡೆಯ ಬುಡದಿಂದ ಮೇಲಕ್ಕೆ ಪಟ್ಟಿಕೆಗಳನ್ನು ಎಣಿಸಿ: ತಳದಲ್ಲಿ ಭಾರ ಹೊರಲು ಆನೆ, ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಆಮೇಲೆ ರಾಮಾಯಣ ಮಹಾಭಾರತ ಭಾಗವತದ ಕತೆ, ಮಕರ, ಹಂಸ. ಕತೆ ಸರಿಯಾಗಿ ಕಣ್ಣಿಗೆ ಸಿಗುವಷ್ಟು ಎತ್ತರದಲ್ಲೇ ಬರುತ್ತದೆ. ನಕ್ಷತ್ರದ ಗೋಡೆಯ ಲಾಭ ಇಲ್ಲಿ ಗೊತ್ತಾಗುವುದು. ನೇರ ಗೋಡೆಗಿಂತ ಮಡಿಸಿದ ಗೋಡೆಯ ಉದ್ದ ಹೆಚ್ಚು, ಅಷ್ಟೂ ಕತೆಗೆ ಜಾಗ. ಪ್ರತಿ ಮಡಿಕೆಯೂ ಒಂದು ಪುಟ ತಿರುವಿದ ಹಾಗೆ. ಕೆಲವು ಕಡೆ ಉಳಿ ತಾಗದೆ ಬಿಟ್ಟ ಕಲ್ಲೂ ಇದೆ. ಇಷ್ಟರ ನಡುವೆ ಅದನ್ನು ಕಂಡಾಗ ನನಗೆ ಒಂಚೂರು ಸಮಾಧಾನವೇ ಆಯಿತು. ನಿಜ ಹೇಳಬೇಕೆಂದರೆ ಹಳೇಬೀಡು ನನಗೆ ಹೊಟ್ಟೆ ತುಂಬಿದ ಮೇಲೂ ಬಡಿಸುತ್ತಲೇ ಇರುವ ಮದುವೆ ಊಟ.

ಹೊಯ್ಸಳರ ಕಾಲದ ದೊಡ್ಡ ಉಪಕಾರವೆಂದರೆ ಸಹಿ. ಶಿಲ್ಪಿಗಳು ಹೆಸರು ಕೆತ್ತಿ ಹೋಗಿದ್ದಾರೆ. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿ 1246ರದು, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು. ಅಲ್ಲಿ ದಕ್ಷಿಣದ ಗೋಡೆ ಬೈಚೋಜನದು, ಉತ್ತರದ್ದು ಮಲ್ಲಿತಮ್ಮನದು. ಎರಡನ್ನೂ ಒಂದಾದ ಮೇಲೊಂದು ನೋಡಿದರೆ ಇಬ್ಬರ ಕೈಯ ವ್ಯತ್ಯಾಸ ಕಾಣುತ್ತದೆ. ಮಲ್ಲಿತಮ್ಮನ ಹೆಸರು 1196ರ ಅಮೃತಪುರದಲ್ಲೂ ಸಿಗುತ್ತದೆ, 13ನೇ ಶತಮಾನದ ನಡುವಿನ ಸೋಮನಾಥಪುರದಲ್ಲೂ ಸಿಗುತ್ತದೆ. ಈ ಅವಧಿಯಲ್ಲಿ ಸಿಂಹಾಸನದ ಮೇಲೆ ನಾಲ್ಕು ತಲೆ ಬದಲಾದವು, ಇಮ್ಮಡಿ ಬಲ್ಲಾಳನಿಂದ ಮುಮ್ಮಡಿ ನರಸಿಂಹನವರೆಗೆ. ದುಡ್ಡಿನ ಮೂಲವೂ ಅರಮನೆಯೊಂದೇ ಅಲ್ಲ. ಸೋಮನಾಥಪುರ ಸೋಮನಾಥ ದಂಡನಾಯಕನದು. ದೊಡ್ಡಗದ್ದವಳ್ಳಿಯ ನಾಲ್ಕು ಗರ್ಭಗುಡಿಯ ಲಕ್ಷ್ಮೀದೇವಿ ಗುಡಿಯನ್ನು ಕಟ್ಟಿಸಿದ್ದು ಕುಲ್ಲಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದೊಡ್ಡಗದ್ದವಳ್ಳಿಯ ಕೆರೆದಂಡೆ ಈಗಲೂ ನಿಶ್ಶಬ್ದ.

ಮಣಿಯದ ಕಲ್ಲು

ಕರಾವಳಿಯದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಆದರೂ ಹೇಳುತ್ತೇನೆ. ಅಲ್ಲಿನದು ಮುರಕಲ್ಲು, ತೂತು ತೂತಿನ ಕೆಂಪು ಕಲ್ಲು. ಇಟ್ಟಿಗೆಯ ಹಾಗೆ ಕಡಿಯಬಹುದು, ಮೂರ್ತಿ ಕೆತ್ತಲಾಗದು. ಮೇಲೆ ನಾಲ್ಕು ತಿಂಗಳು ಬಿಡದ ಮಳೆ. ಹಾಗಾಗಿ ಅಲ್ಲಿ ಗುಡಿಯೂ ಬಸದಿಯೂ ಮನೆಯ ಹಾಗೆ ಇಳಿಜಾರು ಮಾಡು ಹೊದ್ದುಕೊಂಡವು. 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮೇಲ್ಮಹಡಿ ಮರದ್ದು. ಭಟ್ಕಳದ ಕೇತಪೈ ನಾರಾಯಣ ಗುಡಿಯಲ್ಲಿ ಇಳಿಜಾರು ಮಾಡನ್ನು ಹಾಸುಗಲ್ಲಿನಲ್ಲೇ ಹೊದಿಸಿದ್ದಾರೆ. ಐಹೊಳೆಯ ಲಾಡಖಾನಿಗೆ ಕರಾವಳಿಯಲ್ಲಿ ಒಬ್ಬ ದೂರದ ನೆಂಟ.

ಹಂಪಿಗೆ ಬಂದರೆ ಕಲ್ಲು ಮತ್ತೆ ಬದಲಾಗುತ್ತದೆ, ಈ ಸಲ ಗ್ರಾನೈಟು. ಕಣ್ಣು ಹಾಯಿಸಿದಷ್ಟೂ ಗುಂಡು. ಬಂಡೆಗಳ ಅಂಚಿನಲ್ಲಿ ಸಾಲಾಗಿ ಬೆರಳುದ್ದದ ಚೌಕ ತೂತುಗಳು ಈಗಲೂ ಕಾಣುತ್ತವೆ, ಬೆಣೆ ಹೊಡೆದು ಸೀಳಲು ಮಾಡಿದವು. ಕೆಲವು ಬಂಡೆ ಸೀಳದೆ ಹಾಗೇ ಉಳಿದಿವೆ, ತೂತು ಮಾಡಿದವನು ಊಟಕ್ಕೆ ಹೋದವನು ಬರಲೇ ಇಲ್ಲ ಅನ್ನುವ ಹಾಗೆ. ಈ ಕಲ್ಲಿನಲ್ಲಿ ಹಲ್ಲಿ ನೊಣದ ಆಟವಿಲ್ಲ. ಆದರೆ ಉದ್ದ ತೊಲೆ ಬೇಕೇ, ಆಳು ಮುಳುಗುವ ಕಂಬ ಬೇಕೇ, ನೂರಾರು ಕಂಬದ ಬೀದಿ ಬೇಕೇ, ಕೊಡುತ್ತದೆ. ಹೇಮಕೂಟದ ಇಳಿಜಾರಿನಲ್ಲಿರುವ ಹಳೆಯ ಪುಟ್ಟ ಗುಡಿಗಳಲ್ಲಿ ಗೋಡೆ ಬೋಳು, ಶಿಖರ ಬರೀ ಮೆಟ್ಟಿಲು ಮೆಟ್ಟಿಲಿನ ಪಿರಮಿಡ್ಡು. ಕಲ್ಲಿನ ಗಡಸುತನಕ್ಕೆ ಸೋತು ಸರಳವಾದ ಗುಡಿಗಳು.

ವಿಜಯನಗರದ ರಾಯರು ದೊಡ್ಡದಾಗಿ ಕಟ್ಟಲು ಹೊರಟಾಗ ನೋಟ ಹೋದದ್ದು ತೆಂಕಣಕ್ಕೆ. ಗ್ರಾನೈಟಿನ ಜೊತೆ ಶತಮಾನಗಟ್ಟಲೆ ಸೆಣಸಿ ಪಳಗಿದ್ದು ತಮಿಳು ನಾಡಿನ ಕೈಗಳು. ತಂಜಾವೂರಿನ ದೊಡ್ಡ ಗುಡಿ ಪೂರಾ ಗ್ರಾನೈಟಿನದೇ. ಹಂಪಿಯ ಗುಡಿಗಳು ತಮ್ಮೂರಿಗೆ ಹತ್ತಿರದ ಲಕ್ಕುಂಡಿಯನ್ನು ಬಿಟ್ಟು ದೂರದ ತಮಿಳು ಗುಡಿಗಳನ್ನು ಹೋಲುವುದು ಏಕೆಂದು ನನಗೆ ಬಹಳ ದಿನ ಸೋಜಿಗವಿತ್ತು. ರಾಜ್ಯ ತಮಿಳು ನಾಡಿಗೂ ಹಬ್ಬಿತ್ತು ಎನ್ನುವುದು ಒಂದು ಕಾರಣ, ಕಲ್ಲು ಇನ್ನೊಂದು. ಗೋಪುರದ ಬುಡ ಗ್ರಾನೈಟು, ಮೇಲಿನ ಅಂತಸ್ತುಗಳು ಇಟ್ಟಿಗೆ ಮತ್ತು ಗಾರೆ. ಗಡಸು ಕಲ್ಲಿನಲ್ಲಿ ಕೆತ್ತಲಾಗದ ಬೊಂಬೆಗಳನ್ನು ಗಾರೆಯಲ್ಲಿ ಮೆತ್ತಿದರು. 1565ರ ಸೋಲಿನ ನಂತರದ ಹಾಳುಸುರಿಯಲ್ಲಿ, ಮಳೆಗಾಳಿಯಲ್ಲಿ, ಮೊದಲು ಉದುರಿದ್ದೂ ಆ ಗಾರೆಯೇ. ಹಂಪಿಯ ಎಷ್ಟೋ ಗೋಪುರಗಳು ಇಂದು ತಲೆಯಿಲ್ಲದ ಮುಂಡಗಳಾಗಿ ನಿಂತಿರುವುದು ಇದಕ್ಕೇ.

ಆ ಗ್ರಾನೈಟಿನ ಊರಿನ ನಟ್ಟನಡುವೆ, ಅರಮನೆಯವರ ಆವರಣದಲ್ಲಿ, ಹಜಾರರಾಮ ಗುಡಿ ಇದೆ. ಹೊರಗೋಡೆಯ ತುಂಬ ರಾಮಾಯಣ, ಗ್ರಾನೈಟಿನಲ್ಲಿ ಆಗುವಷ್ಟು ಆಳಕ್ಕೆ ಮಾತ್ರ. ಒಳಗೆ ರಂಗಮಂಟಪಕ್ಕೆ ಕಾಲಿಟ್ಟರೆ ಮಧ್ಯದಲ್ಲಿ ನಾಲ್ಕು ಕಂಬಗಳು, ಉಳಿದವಕ್ಕೆ ಸಂಬಂಧವೇ ಇಲ್ಲದ ಹಾಗೆ. ಕಪ್ಪು ಕಲ್ಲಿನವು, ಉಜ್ಜಿ ಹೊಳಪಿಟ್ಟವು, ಮೈತುಂಬ ಅಚ್ಚುಕಟ್ಟಾದ ಕೆತ್ತನೆ. ಸುತ್ತ ಬೆಟ್ಟದಷ್ಟು ಗ್ರಾನೈಟಿದ್ದರೂ ದೇವರೆದುರಿನ ಆ ನಾಲ್ಕು ಕಂಬಕ್ಕೆ ಮಾತ್ರ ಬೇರೆ ಕಲ್ಲೇ ಬೇಕು ಎಂದು ಯಾರೋ ಹಟ ಹಿಡಿದು ತರಿಸಿದ್ದಾರೆ. ಮಧ್ಯಾಹ್ನ ಹೋದರೆ ಬಾಗಿಲಿನಿಂದ ಬಂದ ಬೆಳಕು ಆ ಕಂಬದ ಮೇಲೆ ಬೀಳುತ್ತದೆ. ಕೈ ಎತ್ತಿದರೆ ಕಂಬದೊಳಗೂ ಒಂದು ಕೈ ಏಳುತ್ತದೆ.